ಪ್ರಿಯಸ್ ಪ್ರೈಮ್ ಅಥವಾ ರಾವ್4 ಪ್ರೈಮ್: ಬ್ಯಾಟರಿ ಲೆಕ್ಕ

ಅಮೆರಿಕದಲ್ಲಿ 2023ರ ಪ್ರಿಯಸ್ ಪ್ರೈಮ್, ರಾವ್4 ಪ್ರೈಮ್ ಎಂಬ ಈ ಎರಡು ಟೊಯೋಟಾ ಕಾರುಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಎರಡೂ ಪ್ಲಗ್-ಇನ್ ಹೈಬ್ರಿಡ್, ಅಂದ್ರೆ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಬಹುದು, ಚಾರ್ಜ್ ಮುಗಿದರೆ ಪೆಟ್ರೋಲಿನಲ್ಲಿ ಓಡುತ್ತವೆ. ಪ್ರಿಯಸ್‌ನ ಬ್ಯಾಟರಿ 13.6 ಕಿಲೋವ್ಯಾಟ್ ಅವರ್, ರಾವ್4ನದು 18.1. ಆದರೂ ಪೆಟ್ರೋಲ್ ಮುಟ್ಟದೆ ಓಡುವ ದೂರ ಹೆಚ್ಚುಕಮ್ಮಿ ಒಂದೇ: ಪ್ರಿಯಸ್‌ನ ಎಸ್‌ಇ ಮಾದರಿ 44 ಮೈಲಿ, ರಾವ್4 42. ಅಂದ್ರೆ ಎತ್ತರದ, ಭಾರದ ಗಾಡಿ ಅಷ್ಟೇ ದಾರಿಗೆ ಜಾಸ್ತಿ ಕರೆಂಟ್ ಕುಡಿಯುತ್ತದೆ. ದಿನಾ ಒಬ್ಬರೇ ಆಫೀಸಿಗೆ ಹೋಗಿಬರುವುದಾದರೆ ನಾನು ಪ್ರಿಯಸ್ ಎನ್ನುತ್ತೇನೆ.

ಹಿಮ ಬೀಳುವ ಊರಾದರೆ, ಅಪ್ಪ ಅಮ್ಮ ಬಂದಾಗ ಸೂಟ್‌ಕೇಸ್ ರಾಶಿ ಹೇರಬೇಕಾದರೆ, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ರಾವ್4 ಒಳ್ಳೆಯದು. ಚಳಿಯಲ್ಲಿ ಹೀಟರ್ ಹಾಕಿದರೆ ಎರಡರಲ್ಲೂ ಮೈಲಿ ಇಳಿಯುತ್ತದೆ. ಚಾರ್ಜಿಗೆ ಹಾಕಿರುವಾಗಲೇ ಕಾರು ಬೆಚ್ಚಗೆ ಮಾಡಿಕೊಳ್ಳಿ.

ಅಪಾರ್ಟ್‌ಮೆಂಟಿನಲ್ಲಿ ಚಾರ್ಜ್ ಮಾಡಲು ಪ್ಲಗ್ಗೇ ಇಲ್ಲವಾ? ಹಾಗಾದರೆ ಎರಡೂ ಬೇಡ, ಸುಮ್ನೆ ದುಡ್ಡು ದಂಡ. ಪ್ಲಗ್ ಬೇಡದ ಸಾಮಾನ್ಯ ಹೈಬ್ರಿಡ್ ನೋಡಿ.