ಲಾ ಸ್ಕೂಲ್ ಸ್ಕಾಲರ್‌ಶಿಪ್ ಪತ್ರದ ಎರಡನೇ ಪುಟ ಓದದೆ ಡೆಪಾಸಿಟ್ ಕಟ್ಟಬೇಡಿ

ಅಮೆರಿಕದಲ್ಲಿ ಲಾ ಓದಲು ಅರ್ಜಿ ಹಾಕಿ, ಎರಡು ಮೂರು ಕಡೆ ಸೀಟು ಸಿಕ್ಕಿ, ಯಾವುದಕ್ಕೆ ಸೇರಲಿ ಅಥವಾ ಒಂದು ವರ್ಷ ತಡೆದು ಮತ್ತೆ ಅರ್ಜಿ ಹಾಕಲಾ ಅಂತ ಒದ್ದಾಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. 2023ರಲ್ಲಿ ನಾನೂ ಇದೇ ಒದ್ದಾಟದಲ್ಲಿದ್ದೆ. ದುಡುಕಿದೆ. ಆ ದುಡುಕಿಗೆ ತೆತ್ತದ್ದು ಎರಡು ವರ್ಷದ ಸ್ಕಾಲರ್‌ಶಿಪ್, 70 ಸಾವಿರ ಡಾಲರ್. ಕಾಲೇಜಿನ ಹೆಸರು ಬೇಡ, ಇದೇ ಲೆಕ್ಕಾಚಾರ ನಡೆಸುವ ಕಾಲೇಜು ಅದೊಂದೇ ಅಲ್ಲ.

ಲಾ ಸ್ಕೂಲ್ ಪ್ರವೇಶಕ್ಕೆ ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ನನ್ನ ಸ್ಕೋರ್ 155. ಆ ಪರೀಕ್ಷೆಗೆ 120ರಿಂದ 180ರವರೆಗೆ ಅಂಕ ಕೊಡುತ್ತಾರೆ, ಅದರಲ್ಲಿ 155 ಅಂದರೆ ಕೆಟ್ಟದ್ದೂ ಅಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ. ಮನೆಯಲ್ಲಿ ಅಭ್ಯಾಸಕ್ಕೆ ಬರೆದಾಗ 160, 161 ಬರುತ್ತಿತ್ತು. ಪರೀಕ್ಷೆಯ ದಿನ ಲಾಜಿಕ್ ಗೇಮ್ಸ್ ಅನ್ನುವ ತರ್ಕದ ಒಗಟುಗಳ ಭಾಗ ಕೈಕೊಟ್ಟಿತು. (2024ರ ಆಗಸ್ಟ್‌ನಿಂದ ಆ ಭಾಗವನ್ನೇ ತೆಗೆದುಹಾಕಿದರು. ನನ್ನ ಹಣೆಬರಹ.) ಬರೆದದ್ದು ಜನವರಿಯಲ್ಲಿ, ಅರ್ಜಿ ಹಾಕಿದ್ದು ಫೆಬ್ರವರಿ ಕೊನೆಗೆ. ಇಲ್ಲಿನ ಲಾ ಸ್ಕೂಲ್‌ಗಳು ಸೆಪ್ಟೆಂಬರ್ ಹೊತ್ತಿಗೇ ಅರ್ಜಿ ತೆಗೆದುಕೊಳ್ಳಲು ಶುರು ಮಾಡಿ, ಬಂದವರಿಗೆ ಬಂದ ಹಾಗೆ ಸೀಟನ್ನೂ ದುಡ್ಡನ್ನೂ ಹಂಚುತ್ತಾ ಹೋಗುತ್ತವೆ ಅನ್ನುವುದು ನನಗೆ ಗೊತ್ತಿತ್ತು, ಆದರೂ ತಡ ಮಾಡಿದೆ. ಕೊನೇ ಪಂಕ್ತಿಗೆ ಕೂತವರಿಗೆ ಹೋಳಿಗೆ ಉಳಿದಿರುತ್ತಾ?

ಉಳಿದಿತ್ತು! ಅದೇ ನನಗೆ ಅನುಮಾನ ಹುಟ್ಟಿಸಬೇಕಿತ್ತು.

ಮೊದಲನೇ ಕಾಲೇಜಿನ ಫೀಸು ವರ್ಷಕ್ಕೆ 51 ಸಾವಿರ ಡಾಲರ್, ಅದರಲ್ಲಿ 35 ಸಾವಿರ ಸ್ಕಾಲರ್‌ಶಿಪ್. ಎರಡನೇ ಕಾಲೇಜಿಗೆ ಹೆಸರು ಸ್ವಲ್ಪ ಜಾಸ್ತಿ, ವಕೀಲಿಕೆಯ ಲೈಸೆನ್ಸ್‌ಗೆ ಬರೆಯುವ ಬಾರ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸಾಗುವವರೂ ಜಾಸ್ತಿ. ಅಲ್ಲಿ ಫೀಸು 49 ಸಾವಿರ, ಸ್ಕಾಲರ್‌ಶಿಪ್ ಬರೀ 12 ಸಾವಿರ. ಮೂರನೇ ದಾರಿ, ಎರಡನ್ನೂ ಬಿಟ್ಟು ಜೂನ್‌ನಲ್ಲಿ ಮತ್ತೆ ಎಲ್‌ಸ್ಯಾಟ್ ಬರೆದು ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಅರ್ಜಿ ಹಾಕುವುದು. ಆಗ ನಾನು ಒಂದು ಸಣ್ಣ ವಕೀಲರ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ ಆಗಿದ್ದೆ. ಸಂಬಳ ಬರುತ್ತಿತ್ತು, ಯಾರೂ ಹೋಗು ಎಂದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ನೋಡೇ, ಕೈಗೆ ಬಂದಿದ್ದನ್ನ ಬಿಡಬೇಡ. ಮುಂದಿನ ವರ್ಷ ಇದೂ ಸಿಗದಿದ್ರೆ ಏನ್ಮಾಡ್ತೀಯ?" ಅಂದಳು. ಅವಳದ್ದೇನೂ ತಪ್ಪಿಲ್ಲ. ನಾನು ಅವಳಿಗೆ ಓದಿ ಹೇಳಿದ್ದು ಪತ್ರದ ಮೊದಲ ಪುಟ ಮಾತ್ರ. ದಪ್ಪ ಅಕ್ಷರದಲ್ಲಿ ಅಭಿನಂದನೆ, ಕೆಳಗೆ 35 ಸಾವಿರ ಡಾಲರ್, ಅದರ ಕೆಳಗೆ ಮೂರು ವರ್ಷ ಸೇರಿಸಿ 1,05,000 ಡಾಲರ್ ಅಂತ ಅವರೇ ಕೂಡಿ ತೋರಿಸಿದ ಲೆಕ್ಕ. ಎರಡು ವಾರದೊಳಗೆ 500 ಡಾಲರ್ ಡೆಪಾಸಿಟ್ ಕಟ್ಟದಿದ್ದರೆ ಸ್ಕಾಲರ್‌ಶಿಪ್ ಬೇರೆಯವರಿಗೆ ಹೋಗುತ್ತದೆ ಎಂಬ ಸಾಲು. ಷರತ್ತು ಇದ್ದದ್ದು ಎರಡನೇ ಪುಟದಲ್ಲಿ, ಪಾರ್ಕಿಂಗ್ ಪರ್ಮಿಟ್ ಮತ್ತು ಆರೋಗ್ಯ ವಿಮೆಯ ವಿವರಗಳ ನಡುವೆ: ಮೊದಲ ವರ್ಷದ ಕೊನೆಗೆ ಜಿಪಿಎ (ಎಲ್ಲ ವಿಷಯಗಳ ಗ್ರೇಡ್‌ಗಳ ಸರಾಸರಿ, ಸಾಮಾನ್ಯವಾಗಿ 4ರ ಅಳತೆಯಲ್ಲಿ) 3.0 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ.

ಆ ಸಾಲನ್ನು ಓದಲೇ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಓದಿದೆ, ನಕ್ಕು ಮುಂದೆ ಹೋದೆ. ಡಿಗ್ರಿಯಲ್ಲಿ 3.6 ತೆಗೆದವಳಿಗೆ 3.0 ಒಂದು ಲೆಕ್ಕವೇ? ಅಡ್ಮಿಷನ್ ಆಫೀಸಿಗೂ ಫೋನ್ ಮಾಡಿ ಕೇಳಿದ್ದೆ. ಆ ಹೆಂಗಸು ತುಂಬಾ ಪ್ರೀತಿಯಿಂದ, "ಚೆನ್ನಾಗಿ ಓದುವವರಿಗೆ ಏನೂ ತೊಂದರೆ ಆಗಲ್ಲ" ಅಂದರು. ಎಷ್ಟು ಜನ ಕಳೆದುಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ನಾನು ಕೇಳದೆ ಬಿಟ್ಟ ಇನ್ನೊಂದು ವಿಷಯ ಕರ್ವ್. ಇಡೀ ಕಥೆ ನಿಂತಿರುವುದೇ ಇದರ ಮೇಲೆ. ಹೆಚ್ಚಿನ ಲಾ ಸ್ಕೂಲ್‌ಗಳಲ್ಲಿ ಮೊದಲ ವರ್ಷ ನೀವು ಎಷ್ಟು ಚೆನ್ನಾಗಿ ಬರೆದಿರಿ ಎನ್ನುವುದಕ್ಕಿಂತ ಪಕ್ಕದವರಿಗಿಂತ ಎಷ್ಟು ಚೆನ್ನಾಗಿ ಬರೆದಿರಿ ಎನ್ನುವುದು ಮುಖ್ಯ. ತರಗತಿಯ ಸರಾಸರಿ ಗ್ರೇಡ್ ಇಷ್ಟೇ ಇರಬೇಕು ಎಂದು ಕಾಲೇಜೇ ಮೊದಲೇ ಗೆರೆ ಎಳೆದಿರುತ್ತದೆ. ನಮ್ಮಲ್ಲಿ ಆ ಗೆರೆ 2.8. ಅಂದರೆ ಸುಮಾರಾಗಿ ಓದುವವರಿಗೆ ಸಿಗುವುದು 2.8, ಸ್ಕಾಲರ್‌ಶಿಪ್ ಉಳಿಯಲು ಬೇಕಾದದ್ದು 3.0. ಎಲ್ಲರೂ ಹಗಲು ರಾತ್ರಿ ಓದಿದರೂ ತುಂಬಾ ಜನ ಕೆಳಗೇ ಉಳಿಯಬೇಕು, ಲೆಕ್ಕ ಹಾಕಿರುವುದೇ ಹಾಗೆ. ಸಾಲದ್ದಕ್ಕೆ ನಮ್ಮ ಸೆಕ್ಷನ್‌ನಲ್ಲಿ ಮಾತಿಗೆ ಸಿಕ್ಕ ಬಹುತೇಕ ಎಲ್ಲರಿಗೂ ಇದೇ ಷರತ್ತಿನ ಸ್ಕಾಲರ್‌ಶಿಪ್ ಇತ್ತು. ಒಂದೇ ಹಗ್ಗಕ್ಕೆ ಎಲ್ಲರೂ ಜೋತು ಬಿದ್ದಿದ್ದೆವು, ಅದು ಎಷ್ಟು ಜನರ ಭಾರ ತಡೆಯುತ್ತದೆ ಎಂಬುದು ಕಾಲೇಜಿಗೆ ಮಾತ್ರ ಗೊತ್ತಿತ್ತು.

ಹೆಚ್ಚಿನ ವಿಷಯಗಳಿಗೆ ಸೆಮಿಸ್ಟರ್ ಕೊನೆಗೆ ಒಂದೇ ಪರೀಕ್ಷೆ. ಮಧ್ಯದಲ್ಲಿ ನಾವು ಎಲ್ಲಿದ್ದೇವೆ ಎಂದು ತಿಳಿಯುವ ದಾರಿಯೇ ಇಲ್ಲ. ಜೂನ್‌ನಲ್ಲಿ ಒಂದು ಸಂಜೆ ಪ್ರಾಪರ್ಟಿ ಗ್ರೇಡ್ ಬಂತು, ಬಿ ಮೈನಸ್. ಟಾರ್ಟ್ಸ್ ಅನ್ನುವ ಇನ್ನೊಂದು ವಿಷಯದಲ್ಲಿ ಬಿ ಪ್ಲಸ್ ಇತ್ತು, ಅದು ಕಾಪಾಡುತ್ತದೆ ಅಂದುಕೊಂಡು ಕ್ಯಾಲ್ಕುಲೇಟರ್‌ನಲ್ಲಿ ಮೂರು ಸಲ ಕೂಡಿ ಭಾಗಿಸಿದೆ. ಮೂರು ಸಲವೂ 2.91. ಎರಡು ದಿನ ಬಿಟ್ಟು ಎರಡನೇ ವರ್ಷದ ಫೀಸಿನ ಚೀಟಿ ಬಂತು. ಸ್ಕಾಲರ್‌ಶಿಪ್ ಎಂಬ ಸಾಲು ಹಾಗೇ ಇತ್ತು, ಅದರ ಮುಂದೆ 0.00.

ಆಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಮೊದಲ ವರ್ಷ 16 ಸಾವಿರ, ಮುಂದಿನ ಎರಡು ವರ್ಷ 51 ಸಾವಿರದ ಹಾಗೆ, ಒಟ್ಟು 1,18,000 ಡಾಲರ್. ದುಬಾರಿ ಅಂತ ಬಿಟ್ಟ ಎರಡನೇ ಕಾಲೇಜಿನಲ್ಲಿ ಷರತ್ತೇ ಇರಲಿಲ್ಲ, ವರ್ಷಕ್ಕೆ 37 ಸಾವಿರದಂತೆ ಮೂರು ವರ್ಷಕ್ಕೆ 1,11,000. ಅಗ್ಗ ಅಂತ ಆರಿಸಿಕೊಂಡದ್ದೇ 7 ಸಾವಿರ ಜಾಸ್ತಿ ಬಿತ್ತು.

ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಆಗಬಹುದಲ್ವಾ ಅಂತ ಕೇಳುತ್ತಾರೆ. ಅದಕ್ಕೂ ಮೊದಲ ವರ್ಷದ ಒಳ್ಳೆಯ ಗ್ರೇಡೇ ಬೇಕು, ನನ್ನ ಹತ್ತಿರ ಇಲ್ಲದ್ದು ಅದೇ. ಬಿಟ್ಟು ಹೊಸದಾಗಿ ಅರ್ಜಿ ಹಾಕೋಣ ಅಂದರೆ ಹಿಂದೆ ಲಾ ಸ್ಕೂಲ್‌ಗೆ ಸೇರಿದ್ದಿರಾ ಎಂಬ ಪ್ರಶ್ನೆ ಅರ್ಜಿಯಲ್ಲೇ ಇರುತ್ತದೆ, ಗ್ರೇಡ್ ಸಮೇತ ತೋರಿಸಬೇಕು. ಸೇರುವ ಮುಂಚೆ ಕಾಯುವುದಕ್ಕೂ ಸೇರಿ ಬಿಟ್ಟು ಬರುವುದಕ್ಕೂ ಅಜಗಜಾಂತರ. ನಾನು ಮುಂದುವರಿದೆ, ಉಳಿದದ್ದಕ್ಕೆ ಸಾಲ. ಗ್ರೀನ್ ಕಾರ್ಡ್ ಇದ್ದದ್ದರಿಂದ ಗ್ರಾಡ್ ಪ್ಲಸ್ ಅನ್ನುವ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಸಾಲ ಸಿಕ್ಕಿತು, 2024-25ರಲ್ಲಿ ಅದರ ಬಡ್ಡಿ 9.08 ಪರ್ಸೆಂಟ್. ನಿಮಗೆ ಅದೂ ಸಿಗುವುದಿಲ್ಲ. 2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಗ್ರಾಡ್ ಪ್ಲಸ್ ಇಲ್ಲ, ಲಾ ಓದುವವರಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮಾತ್ರ. ಫೀಸು, ಬಾಡಿಗೆ, ಊಟ ಎಲ್ಲಾ ಅದರಲ್ಲೇ ಆಗಬೇಕು, ಸಾಲದಿದ್ದರೆ ಖಾಸಗಿ ಬ್ಯಾಂಕಿನ ಬಾಗಿಲು. ನಡುವೆ ಸ್ಕಾಲರ್‌ಶಿಪ್ ಹೋದರೆ ಆಗುವ ಪೆಟ್ಟು ನನಗಿಂತ ನಿಮಗೇ ಜಾಸ್ತಿ.

ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಇದೆಲ್ಲ ಮೊದಲೇ ನೋಡಬಹುದಿತ್ತು. ಅಮೆರಿಕನ್ ಬಾರ್ ಅಸೋಸಿಯೇಷನ್ ಮಾನ್ಯತೆ ಇರುವ ಪ್ರತಿ ಲಾ ಸ್ಕೂಲ್ ಪ್ರತಿ ವರ್ಷ 509 ರಿಪೋರ್ಟ್ ಅಂತ ಒಂದನ್ನು ಪ್ರಕಟಿಸಲೇಬೇಕು. ಷರತ್ತಿನ ಸ್ಕಾಲರ್‌ಶಿಪ್ ಕೊಡುವ ಕಾಲೇಜಾದರೆ ಅದರಲ್ಲಿ ಎಷ್ಟು ಜನ ಅಂಥ ಸ್ಕಾಲರ್‌ಶಿಪ್ ಮೇಲೆ ಸೇರಿದರು, ಎಷ್ಟು ಜನರದ್ದು ಕಡಿಮೆಯಾಯಿತು ಅಥವಾ ಹೋಯಿತು ಎಂಬ ಪಟ್ಟಿ ಇರುತ್ತದೆ. ನಾನು ಅದನ್ನು ತೆರೆದದ್ದು 0.00 ನೋಡಿದ ಮೇಲೆ. ನಾನು ಸೇರುವ ಹಿಂದಿನ ವರ್ಷ ನೂರಾ ಚಿಲ್ಲರೆ ಜನರಲ್ಲಿ ನಲವತ್ತಕ್ಕೂ ಹೆಚ್ಚು ಜನ ಕಳೆದುಕೊಂಡಿದ್ದರು. ಐದು ನಿಮಿಷದ ಕೆಲಸ. ಆ ಎರಡು ವಾರದಲ್ಲಿ ಅಪಾರ್ಟ್‌ಮೆಂಟ್ ಹುಡುಕಲು ನನಗೆ ಗಂಟೆಗಟ್ಟಲೆ ಟೈಮ್ ಇತ್ತು, ಇದಕ್ಕೆ ಇರಲಿಲ್ಲ.

ಇನ್ನು ಕಾಯುವ ವಿಚಾರ. ಒಂದು ವರ್ಷ ಹಾಳಾಗುತ್ತದೆ ಎಂಬ ಭಯಕ್ಕೆ ನಾನು ಜೂನ್ ಪರೀಕ್ಷೆ ಕೈಬಿಟ್ಟೆ. ಆದರೆ ಎಲ್‌ಸ್ಯಾಟ್ ಅನ್ನು ಐದು ವರ್ಷದ ಅವಧಿಯಲ್ಲಿ ಐದು ಸಲ ಬರೆಯಬಹುದು, ಕಾಲೇಜುಗಳು ತಮ್ಮ ಅಂಕಿಅಂಶಕ್ಕೆ ಲೆಕ್ಕ ಹಿಡಿಯುವುದು ಎಲ್ಲಕ್ಕಿಂತ ಹೆಚ್ಚು ಬಂದ ಸ್ಕೋರನ್ನು. ಹಳೆಯ 155 ಅಷ್ಟಾಗಿ ನನ್ನ ಬೆನ್ನು ಹತ್ತುತ್ತಿರಲಿಲ್ಲ. ಅಭ್ಯಾಸದಲ್ಲಿ ಬರುತ್ತಿದ್ದ 160 ನಿಜವಾಗಿ ಬಂದು, ಸೆಪ್ಟೆಂಬರ್‌ನಲ್ಲೇ ಅರ್ಜಿ ಹೋಗಿದ್ದರೆ ಷರತ್ತಿಲ್ಲದ ದುಡ್ಡು ಕೇಳುವ ಧೈರ್ಯವಾದರೂ ಇರುತ್ತಿತ್ತು. ಎಲ್ಲರೂ ಕಾಯಲೇಬೇಕು ಅಂತಲ್ಲ. ಅಭ್ಯಾಸದ ಸ್ಕೋರೂ ನಿಜವಾದ ಸ್ಕೋರೂ ಒಂದೇ ಆಗಿದ್ದು, ಅರ್ಜಿಯೂ ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಇನ್ನೊಂದು ವರ್ಷದಲ್ಲಿ ಬದಲಾಗುವುದು ಕಡಿಮೆ. ನನ್ನದು ಹಾಗಿರಲಿಲ್ಲ.

ನನ್ನ ಸೆಕ್ಷನ್‌ನಲ್ಲೇ ಇದ್ದ ಗೆಳತಿಗೂ ಇದೇ ಪತ್ರ ಬಂದಿತ್ತು. ಅವಳು ಡೆಪಾಸಿಟ್ ಕಟ್ಟುವ ಮುಂಚೆ ಒಂದು ಇಮೇಲ್ ಬರೆದು, ಇನ್ನೊಂದು ಕಾಲೇಜಿನ ಷರತ್ತಿಲ್ಲದ ಪತ್ರವನ್ನು ಅದಕ್ಕೆ ಲಗತ್ತಿಸಿ, 3.0 ಷರತ್ತು ತೆಗೆಯುತ್ತೀರಾ ಎಂದು ಕೇಳಿದ್ದಳು. ನಾಲ್ಕು ದಿನದಲ್ಲಿ ಹೊಸ ಪತ್ರ ಬಂತಂತೆ. ದುಡ್ಡು 35ರಿಂದ 30 ಸಾವಿರಕ್ಕೆ ಇಳಿದಿತ್ತು, ಷರತ್ತಿನ ಜಾಗದಲ್ಲಿ ಕಾಲೇಜಿನಿಂದ ಹೊರಹಾಕದಿದ್ದರೆ ಸಾಕು ಎಂಬರ್ಥದ ಒಂದು ಸಾಲು. ಮೊದಲ ವರ್ಷದಲ್ಲಿ ಅವಳ ಜಿಪಿಎ 2.74.