ಹಾರ್ಸ್‌ಪವರ್ ಅಂಕಿಯೊಂದನ್ನೇ ನಂಬಿ ಓವರ್‌ಟೇಕ್‌ಗೆ ಇಳಿಯಬೇಡಿ

ನನ್ನ ಹಳೆಯ ಡೀಸೆಲ್ ಕಾರು 75 ಹಾರ್ಸ್‌ಪವರಿನದು, ಹೊಸ ಪೆಟ್ರೋಲ್ ಕಾರು 83ರದು. ಆದ್ದರಿಂದ ಹೊಸದರ ಪಿಕಪ್ಪೇ ಹೆಚ್ಚು ಎಂದು ಮಾರಿದವರು ಹೇಳಿದ್ದನ್ನು ನಂಬಿದ್ದೆ.

ಕಾರು ಕೊಂಡ ಎರಡನೇ ವಾರ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತೋರಣಗಲ್ಲಿನಿಂದ ಸಂಡೂರಿನ ಕಡೆಗೆ ಹೋಗುವಾಗ, ತಾಡಪಾಲು ಹೊದಿಸಿದ ಅದಿರು ಲಾರಿಯೊಂದರ ಹಿಂದೆ ಐದನೇ ಗೇರಿನಲ್ಲಿ 60 ಕಿ.ಮೀ. ವೇಗದಲ್ಲಿದ್ದೆ. ಎದುರು ರಸ್ತೆ ಖಾಲಿ ಕಂಡದ್ದರಿಂದ ಬಲಕ್ಕೆ ಸರಿದು, ಹಳೆಯ ಕಾರಿನ ರೂಢಿಯಂತೆ ಗೇರ್ ಇಳಿಸದೆ ಆಕ್ಸಿಲರೇಟರ್ ಪೂರ್ತಿ ತುಳಿದೆ. ಎಂಜಿನ್ ಗುಡುಗಿತೇ ಹೊರತು ಕಾರು ಏಳಲಿಲ್ಲ. ಇನ್ನೂ ಲಾರಿಯ ಹಿಂದಿನ ಗಾಲಿಗಳ ಪಕ್ಕದಲ್ಲೇ ಇದ್ದಾಗ ಏರಿನ ತುದಿಯಲ್ಲಿ ಮತ್ತೊಂದು ಲಾರಿ ಕಾಣಿಸಿಕೊಂಡಿತು. ಬ್ರೇಕ್ ಒತ್ತಿ ಹಿಂದಕ್ಕೆ ಸೇರಿಕೊಂಡೆ. ಅದು ದಾಟಿಹೋದಾಗ ಎದ್ದ ಕೆಂಧೂಳು ಮುಂದಿನ ಗಾಜನ್ನು ಮುಚ್ಚಿತು. ವೈಪರ್ ಹಾಕಬೇಕೆಂಬುದೂ ನನಗೆ ತೋಚಲಿಲ್ಲ.

ಮನೆಗೆ ಬಂದು ಎರಡೂ ಕಾರುಗಳ ಕೈಪಿಡಿ ತೆಗೆದು ನೋಡಿದೆ. ಪೆಟ್ರೋಲ್ ಕಾರಿನ 83 ಹಾರ್ಸ್‌ಪವರ್ ಸಿಗುವುದು 6000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ. ಎಂಜಿನ್ನಿನ ತಿರುಚು ಬಲವಾದ ಟಾರ್ಕ್ 4200ರಲ್ಲಿ 113 ನ್ಯೂಟನ್ ಮೀಟರ್. ಡೀಸೆಲ್ಲಿನ ಟಾರ್ಕ್ 2000 ಆರ್‌ಪಿಎಂನಲ್ಲೇ 190. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ ಸುಮಾರು 7023ರಿಂದ ಭಾಗಿಸಿದರೆ ಆ ಕ್ಷಣದ ಮೆಟ್ರಿಕ್ ಹಾರ್ಸ್‌ಪವರ್ ಸಿಗುತ್ತದೆ. 2000 ಆರ್‌ಪಿಎಂನಲ್ಲಿ ಡೀಸೆಲ್‌ಗೆ 54 ಬಂದರೆ, ಪೆಟ್ರೋಲ್ ಎಂಜಿನ್ ತನ್ನ ಗರಿಷ್ಠ ಟಾರ್ಕನ್ನೇ ಅಲ್ಲಿ ಕೊಟ್ಟಿತೆಂದು ಹಿಡಿದರೂ ಅದು 32ನ್ನು ಸ್ವಲ್ಪವೇ ದಾಟುತ್ತದೆ. ಐದನೇ ಗೇರಿನಲ್ಲಿ ಎಂಜಿನ್ ಹೀಗೆ ನಿಧಾನವಾಗಿ ತಿರುಗುತ್ತಿದ್ದಾಗ, ಲಾರಿಯ ಪಕ್ಕದಲ್ಲಿ ನನ್ನ ಬಳಿ 83 ಇರಲೇ ಇಲ್ಲ.

ಹಾಗೆಂದು ಟಾರ್ಕ್ ಹೆಚ್ಚಿದ್ದ ಗಾಡಿಯೇ ಓಡುತ್ತದೆ ಎಂದುಕೊಳ್ಳುವುದೂ ತಪ್ಪು. ಗಂಗಾವತಿಯ ಗದ್ದೆಗಳಲ್ಲಿ ಕೆಸರು ತುಳಿಯುವ 45 ಹಾರ್ಸ್‌ಪವರಿನ ಟ್ರ್ಯಾಕ್ಟರ್ ಆ ಶಕ್ತಿಯನ್ನು 2000 ಆರ್‌ಪಿಎಂನಲ್ಲಿ ಕೊಡುವುದಾದರೆ ಅದರ ಟಾರ್ಕ್ ಸುಮಾರು 158, ಅಂದರೆ ನನ್ನ ಹೊಸ ಕಾರಿಗಿಂತ ಹೆಚ್ಚು. ಆದರೂ ರಸ್ತೆಯಲ್ಲಿ ಅದು ಕಾರನ್ನು ಹಿಂದೆ ಹಾಕುವುದಿಲ್ಲ. ಎಂಜಿನ್ನಿನ ಟಾರ್ಕ್ ಅಷ್ಟೇ ಇದ್ದರೂ ಗೇರ್ ಇಳಿಸಿದರೆ ಚಕ್ರಕ್ಕೆ ಮುಟ್ಟುವ ಬಲ ಹೆಚ್ಚುತ್ತದೆ. ಅಂದು ನಾನು ಮೂರನೇ ಗೇರಿಗೆ ಇಳಿಸಿ ಎಂಜಿನ್ನನ್ನು 4200ಕ್ಕೆ ಏರಿಸಿದ್ದರೆ ಇದೇ ಕಾರು ಸುಮಾರು 68 ಹಾರ್ಸ್‌ಪವರ್ ಕೊಡುತ್ತಿತ್ತು.

ನನಗೆ ಟೆಸ್ಟ್ ಡ್ರೈವ್ ಕೊಟ್ಟಿದ್ದು ಬಳ್ಳಾರಿ ಊರೊಳಗೆ, ಖಾಲಿ ಕಾರಿನಲ್ಲಿ. ನೀವು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ವಾಹನಗಳಿಲ್ಲದ ಏರು ರಸ್ತೆಯಲ್ಲಿ 40ರಿಂದ 80ಕ್ಕೆ ಏರಲು ಮೂರನೇ ಗೇರಿನಲ್ಲಿ ಎಷ್ಟು, ನಾಲ್ಕರಲ್ಲಿ ಎಷ್ಟು ಸೆಕೆಂಡು ಬೇಕೆಂದು ಪಕ್ಕದಲ್ಲಿ ಕುಳಿತವರಿಂದ ಎಣಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.