ಮಂಡಿ ನೋವಿನವಳ ಪಾರ್ಕ್ ಲೆಕ್ಕ

ನಾನು ತಿಪಟೂರಿನವಳು. ಮೂವತ್ತೊಂದು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು, ನಿವೃತ್ತಿಯಾದ ಮೇಲೆ ಮಂಗಳೂರಿನ ಬಿಜೈಯಲ್ಲಿರುವ ಮಗಳ ಮನೆಗೆ ಬಂದೆ. ಮೂರು ವರ್ಷವಾಯಿತು. ಎಡಗಾಲಿನ ಮಂಡಿ ಸವೆದಿದೆ. ಡಾಕ್ಟರು "ದಿನಾ ನಡೀರಿ, ಆದ್ರೆ ಜಾಸ್ತಿ ನಡೀಬೇಡಿ" ಅಂದಿದ್ದಾರೆ. ಎಷ್ಟಾದರೆ ಜಾಸ್ತಿ ಅಂತ ಕೇಳಿದರೆ ನಗುತ್ತಾರೆ.

ಹಾಗಾಗಿ ಪಾರ್ಕಿಗೆ ನಾನು ಅಂಕ ಕೊಡುವುದು ಎರಡೇ ವಿಷಯಕ್ಕೆ. ನೆರಳಿದೆಯಾ? ಕೂರಲು ಜಾಗ ಇದೆಯಾ? ಈ ಊರಿನಲ್ಲಿ ಬೆಳಗ್ಗೆ ಎಂಟಕ್ಕೇ ರವಿಕೆ ಬೆನ್ನಿಗೆ ಅಂಟಿರುತ್ತದೆ. ಹೂವಿನ ಪಾತಿ ಎಷ್ಟೇ ಚೆನ್ನಾಗಿರಲಿ, ಬಿಸಿಲಲ್ಲಿ ನಿಂತು ಯಾರು ನೋಡುತ್ತಾರೆ?

ದಿನದ ನಡಿಗೆಗೆ ನನ್ನದು ಕದ್ರಿ ಪಾರ್ಕ್. ಮನೆಯಿಂದ ಹೊರಟರೆ ಏರು, ಬರುವಾಗ ಇಳಿಜಾರು. ಮಂಗಳೂರಿನಲ್ಲಿ ಎಲ್ಲಿಗೆ ಹೋದರೂ ಇದೇ ಕಥೆ ಅನ್ನಿ. ಒಳಗೆ ದೊಡ್ಡ ಮರಗಳಿವೆ, ಬೆಂಚುಗಳಿವೆ, ನನ್ನಂಥವರ ಗುಂಪೂ ಇದೆ. ಪುಟಾಣಿ ರೈಲಿನ ಹಳಿ ಕಂಡರೆ ಸಾಕು, ಮೊಮ್ಮಗ ನನ್ನ ಕೈ ಬಿಟ್ಟು ಓಡುತ್ತಾನೆ. ಹಿಂದೆ ಇಲ್ಲಿ ಜಿಂಕೆಗಳಿದ್ದವಂತೆ. ಆಮೇಲೆ ಪ್ರಾಣಿಗಳನ್ನೆಲ್ಲ ಊರಾಚೆಯ ಪಿಲಿಕುಳ ಮೃಗಾಲಯಕ್ಕೆ ಸಾಗಿಸಿದರು. ಹಳಬರು ಈಗಲೂ ಆ ಜಾಗಕ್ಕೆ ಜಿಂಕೆ ಪಾರ್ಕ್ ಅಂತಲೇ ಹೇಳುತ್ತಾರೆ. ಜನವರಿ 26ರ ಸುಮಾರಿಗೆ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಆಗ ಹೂವಿಗಿಂತ ಜನ ಜಾಸ್ತಿ. ಬೆಂಚು ಬೇಕಾದವರು ಆ ವಾರ ಮನೆಯಲ್ಲೇ ಇರಿ.

ಪಾರ್ಕಿಗೆ ಬಂದವರು ಕೆಳಗಿನ ಮಂಜುನಾಥ ದೇವಸ್ಥಾನಕ್ಕೂ ಒಮ್ಮೆ ಹೋಗಿ. ಅಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದ ಶಾಸನ 968ನೇ ಇಸವಿಯದು, ತುಳುನಾಡನ್ನು ಆಳಿದ ಆಳುಪ ಅರಸರ ಕಾಲದ್ದು. ಮುಖ ನೋಡುತ್ತಾ ಎಷ್ಟು ಹೊತ್ತು ನಿಂತೆನೋ, ಮಂಡಿ ನೋವು ಮರೆತೇ ಹೋಗಿತ್ತು. ಹಿಂದಿನ ಮೆಟ್ಟಿಲು ಹತ್ತಿದರೆ ಕೆರೆಗಳಿವೆ. ಮಳೆಗಾಲದಲ್ಲಿ ಮಾತ್ರ ಆ ಸಾಹಸ ಬೇಡ. ಕೆಂಪುಕಲ್ಲಿನ ಮೇಲೆ ಪಾಚಿ ಕಟ್ಟಿದರೆ ಹರೆಯದವರೇ ಜಾರುತ್ತಾರೆ.

ಬಾವುಟಗುಡ್ಡೆಗೆ ಸಂಜೆ ಹೋಗಬೇಕು. ಅಲ್ಲಿ ಹಳೆಯ ದೀಪಸ್ತಂಭ ಇದೆ, ಟಾಗೋರ್ ಪಾರ್ಕ್ ಇದೆ, ಆಚೆ ಸಮುದ್ರದ ಒಂದು ಗೆರೆ ಕಾಣುತ್ತದೆ. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರು ಮಂಗಳೂರನ್ನು ಹಿಡಿದು ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ್ದು ಈ ಗುಡ್ಡದ ಮೇಲೆ. ಹೆಸರು ಬಂದದ್ದೂ ಹಾಗೇ. ಆ ರೈತರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ. ಅರ್ಧ ಗಂಟೆಗೆ ಸಾಕು ಈ ಜಾಗ.

ಇನ್ನೊಂದು ಪಾರ್ಕ್ ಇದೆ, ಹೆಸರು ಬೇಡ. ಅಲ್ಲಿ ಒಂದು ಸಂಜೆ ಶೌಚಾಲಯಕ್ಕೆ ಬೀಗ. ಕಾವಲಿನವರನ್ನು ಕೇಳಿದರೆ ರಸ್ತೆಯಾಚೆಯ ಹೋಟೆಲ್ ತೋರಿಸಿದರು. ಬೇಡದಿದ್ದರೂ ಕಾಫಿ ಕುಡಿಯಬೇಕಾಯಿತು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಮೊದಲು ಇದನ್ನು ವಿಚಾರಿಸಿಕೊಳ್ಳಿ. ಹೂವು, ಕಾರಂಜಿ ಎಲ್ಲ ಆಮೇಲೆ.

ಈಗ ಪಿಲಿಕುಳ. ಪೂರ್ತಿ ಹೆಸರು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ತುಳುವಿನಲ್ಲಿ ಪಿಲಿ ಅಂದರೆ ಹುಲಿ, ಕುಳ ಅಂದರೆ ಕೆರೆ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೆರೆ ಅಂತ ಅರ್ಥ. ವಾಮಂಜೂರಿನ ಹತ್ತಿರ, ಊರಿಂದ ಹನ್ನೆರಡು ಕಿಲೋಮೀಟರ್ ಇರಬಹುದು. ಸ್ಟೇಟ್ ಬ್ಯಾಂಕಿನಿಂದ ಬಸ್ ಸಿಗುತ್ತದೆ. ಸ್ಟೇಟ್ ಬ್ಯಾಂಕ್ ಅಂದರೆ ಇಲ್ಲಿ ಬಸ್ ನಿಲ್ದಾಣ, ಹೊಸಬರು ಪಾಸ್‌ಬುಕ್ ಹಿಡಿದುಕೊಂಡು ಹೋಗಬೇಡಿ. ಬಸ್ಸು ಹತ್ತಿದ ಕೂಡಲೇ ಕಂಡಕ್ಟರು "ದುಂಬು ಪೋಲೆ" ಅನ್ನುತ್ತಾರೆ. ಮುಂದೆ ಹೋಗಿ ಅಂತ. ನಾನು ಕಲಿತ ಮೊದಲ ತುಳು ಇದೇ.

ಮೊದಲ ಸಲ ನಾವು ಸೋಮವಾರ ಹೋಗಿದ್ದೆವು. ಸೋಮವಾರ ಮೃಗಾಲಯಕ್ಕೆ ರಜೆ. ತಪ್ಪು ನನ್ನದೇ, ವಿಚಾರಿಸಿರಲಿಲ್ಲ. ಮೊಮ್ಮಗ ಮಾತ್ರ ಹುಲಿಯನ್ನು ನಾನೇ ಬಚ್ಚಿಟ್ಟ ಹಾಗೆ ಮುಖ ಮಾಡಿದ.

ಎರಡನೇ ಸಲ ಸರಿಯಾಗಿ ನೋಡಿದೆವು. ಇದು ಪಾರ್ಕ್ ಅಲ್ಲ, ಒಂದು ಸಣ್ಣ ಊರೇ. ಮೃಗಾಲಯ, ವಿಜ್ಞಾನ ಕೇಂದ್ರ, 2018ರಲ್ಲಿ ಶುರುವಾದ ವಿವೇಕಾನಂದ ತಾರಾಲಯ, ದೋಣಿ ಬಿಡುವ ಕೆರೆ, ನೀರಾಟದ ಜಾಗ. ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇನೆ ಅನ್ನುವವರ ಜೊತೆ ನಾನು ಬರುವುದಿಲ್ಲ. ಎರಡು ಆರಿಸಿಕೊಳ್ಳಿ. ನಾವು ಮೃಗಾಲಯ ಮತ್ತು ಕುಶಲಕರ್ಮಿಗಳ ಗ್ರಾಮ ಅಂತ ಇಟ್ಟುಕೊಂಡೆವು.

ಮೃಗಾಲಯದಲ್ಲಿ ನಡಿಗೆ ಬಹಳ. ನೆರಳಿಗೆ ಪೂರ್ತಿ ಅಂಕ ಕೊಡಬಹುದು. ಹುಲಿ ಮಲಗಿತ್ತು, ಹನ್ನೊಂದು ಗಂಟೆಗೆ ಯಾವ ಹುಲಿ ಎದ್ದಿರುತ್ತದೆ? ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಳಿಂಗ ಸರ್ಪ. ಮೊಟ್ಟೆಗೆ ಅಂತ ಎಲೆ ರಾಶಿ ಹಾಕಿ ಗೂಡು ಕಟ್ಟುವ ಹಾವು ಇದೊಂದೇ. ಪಿಲಿಕುಳದಲ್ಲಿ ಇದರ ಮರಿಗಳನ್ನು ಮಾಡಿಸಿದ್ದಾರೆ. "ಅಜ್ಜಿ, ಅದು ಎಲೆ ಹೇಗೆ ಎತ್ತುತ್ತೆ? ಕೈ ಇಲ್ವಲ್ಲ?" ಅಂತ ಮೊಮ್ಮಗ ಕೇಳಿದ. ಮೈ ಸುತ್ತಿ ಎಳೆದುಕೊಳ್ಳುತ್ತದೆ ಅಂದೆ. ಮನೆಗೆ ಬಂದು ದಿಂಬಿನ ಮೇಲೆ ಮಾಡಿ ನೋಡಿದ.

ಕುಶಲಕರ್ಮಿಗಳ ಗ್ರಾಮದಲ್ಲಿ ಕುಂಬಾರಿಕೆ, ಮಗ್ಗ, ಅವಲಕ್ಕಿ ಕುಟ್ಟುವುದು, ಎಣ್ಣೆ ಗಾಣ ಎಲ್ಲ ಇದೆ. ಕೊಬ್ಬರಿ ಊರಿನವಳಿಗೆ ಗಾಣ ಕಂಡರೆ ಕೇಳಬೇಕೆ? ಮಗಳು ಹೊರಡೋಣ ಅಂತ ಮೂರು ಸಲ ಕರೆದಳು. ಗುತ್ತಿನ ಮನೆಯನ್ನೂ, ಅಂದರೆ ತುಳುನಾಡಿನ ಹಳೆಯ ಜಮೀನ್ದಾರಿ ಮನೆತನದ ದೊಡ್ಡ ಮನೆಯನ್ನೂ, ಕಟ್ಟಿ ತೋರಿಸಿದ್ದಾರೆ. ಹಂಚಿನ ಮಾಡು, ಮರದ ಕಂಬ. ಒಳಗೆ ಕಾಲಿಟ್ಟರೆ ಬೆವರು ಆರುತ್ತದೆ. ಈ ಸೆಕೆಗೆ ಯಾವ ಮನೆ ಸರಿ ಅಂತ ಹಿಂದಿನವರಿಗೆ ಗೊತ್ತಿತ್ತು, ನಮ್ಮ ಅಪಾರ್ಟ್‌ಮೆಂಟಿನ ಕಾಂಟ್ರಾಕ್ಟರಿಗೆ ಗೊತ್ತಿಲ್ಲ. ಪಶ್ಚಿಮ ಘಟ್ಟದ ಮರಗಳ ತೋಟದಲ್ಲಿ ಪುನರ್ಪುಳಿ, ಅಂದರೆ ಕೋಕಂ ಮರ ನೋಡಿದೆ. ಮೂರು ವರ್ಷ ಜ್ಯೂಸ್ ಕುಡಿದಿದ್ದೆ, ಮರ ಕಂಡದ್ದು ಅವತ್ತೇ.

ಮಂಡಿ ಎರಡು ದಿನ ಮಾತಾಡಲಿಲ್ಲ. ಆದರೂ ಪಿಲಿಕುಳಕ್ಕೆ ಮತ್ತೆ ಹೋಗುತ್ತೇನೆ.

ನನ್ನ ಮೊದಲ ಸ್ಥಾನ ಮಾತ್ರ ತಣ್ಣೀರುಬಾವಿಗೆ. ಹೋಗುವ ದಾರಿಯೇ ಅರ್ಧ ಸುಖ. ಸುಲ್ತಾನ್ ಬತ್ತೇರಿಯಲ್ಲಿ ಟಿಪ್ಪು ಕಾಲದ ಕಾವಲು ಗೋಪುರ ಇದೆ, 1784ರದ್ದು. ಅದರ ಪಕ್ಕದಿಂದ ದೋಣಿ. ಫಲ್ಗುಣಿ ಹೊಳೆ ದಾಟಲು ಕೆಲವೇ ನಿಮಿಷ. ಹತ್ತುವಾಗ ನನಗೆ ಭಯ, ದೋಣಿಯವರು "ನಿಧಾನ ಬನ್ನಿ ಅಮ್ಮ, ದೋಣಿ ಓಡಿಹೋಗುದಿಲ್ಲ" ಅಂತ ಕೈ ಕೊಟ್ಟರು. ಮಳೆ ಜೋರಾದರೆ ದೋಣಿ ಇರುವುದಿಲ್ಲ. ಆಗ ಕೂಳೂರು ಸೇತುವೆ ದಾಟಿ ಸುತ್ತಿಕೊಂಡು ಹೋಗಬೇಕು.

ಆಚೆ ದಡ ಅಂದರೆ ಒಂದು ಪಟ್ಟಿ ನೆಲ. ಹಿಂದೆ ಹೊಳೆ, ಮುಂದೆ ಸಮುದ್ರ. ಅಲ್ಲಿ ಅರಣ್ಯ ಇಲಾಖೆಯ ಟ್ರೀ ಪಾರ್ಕ್. ಗಾಳಿ ಮರಗಳ ಕೆಳಗೆ ಕೂತರೆ ಸೂಜಿಯಂಥ ಎಲೆಗಳ ನಡುವೆ ಗಾಳಿ ಸುಂಯ್ ಅನ್ನುತ್ತಲೇ ಇರುತ್ತದೆ. ಅಲೆಯ ಸದ್ದು ಯಾವುದು, ಮರದ ಸದ್ದು ಯಾವುದು ಅಂತ ಬೇರೆ ಮಾಡಲು ಆಗುವುದಿಲ್ಲ. ಬಂದರಿಗೆ ಸರದಿ ಕಾಯುವ ಹಡಗುಗಳು ದೂರದಲ್ಲಿ ನಿಂತಿರುತ್ತವೆ. ಮೇಲೆ ಗರುಡ ಸುತ್ತುತ್ತದೆ. ಬಂದವರು ಚರ್ಮುರಿ ತಿಂದು ಕಾಗದ ಅಲ್ಲೇ ಬಿಸಾಡುತ್ತಾರೆ, ಅದೊಂದು ಬೇಜಾರು. ಕಸದ ಡಬ್ಬ ಹತ್ತು ಹೆಜ್ಜೆ ದೂರದಲ್ಲಿತ್ತು. ನನ್ನ ಮಂಡಿಗೇ ಅದು ದೂರವಾಗಲಿಲ್ಲ.

ಹೊರಗೆ ಒಬ್ಬರು "ಬೊಂಡ ಬೇಕಾ?" ಅಂದರು. ಹಸಿವಾಗಿತ್ತು. ಬಿಸಿ ಬಿಸಿ ಎರಡು ಕೊಡಿ, ಚಟ್ನಿ ಇದ್ದರೆ ಹಾಕಿ ಅಂದೆ. ಅವರು ಕತ್ತಿ ಕೈಯಲ್ಲಿ ಹಿಡಿದೇ ನನ್ನ ಮುಖ ನೋಡಿದರು. ಇಲ್ಲಿ ಬೊಂಡ ಅಂದರೆ ಎಳನೀರು. ತಿಪಟೂರಿನವಳು ತೆಂಗಿನಕಾಯಿಗೆ ಚಟ್ನಿ ಕೇಳಿದ್ದನ್ನು ಮಗಳು ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ. ಎಳನೀರೇನೋ ಚೆನ್ನಾಗಿತ್ತು. ಸ್ವಲ್ಪ ಉಪ್ಪು ರುಚಿ, ನಮ್ಮೂರಿನಷ್ಟು ಸಿಹಿ ಇಲ್ಲ.